ಉಗುರಿನಷ್ಟು ದಪ್ಪದ ಭಕ್ತಿ

ನನ್ನ ಕುಂಕುಮದ ಭರಣಿಯಲ್ಲಿ ಕುಂಕುಮಕ್ಕಿಂತ ಹೆಚ್ಚು ಜೋಪಾನವಾಗಿ ನಾನು ಇಟ್ಟುಕೊಂಡಿರುವ ಒಂದು ಚಕ್ಕೆಯಿದೆ. ಹೆಬ್ಬೆರಳಿನ ಉಗುರಿನಷ್ಟು ಅಗಲ, ಸುಮಾರು ಅದೇ ಉಗುರಿನಷ್ಟು ದಪ್ಪ. ಒಂದು ಮೈ ಬೂದಿಬಣ್ಣ, ಒರಟು; ಇನ್ನೊಂದು ಮೈ ಕಪ್ಪಗೆ, ನುಣ್ಣಗೆ. ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಬಿಳಿಯ ನಡುವೆ ಸಣ್ಣಸಣ್ಣ ಕೆಂಪು ಎಳೆಗಳು ಕಾಣುತ್ತವೆ, ಚಿರೋಟಿಯ ಪದರಗಳ ಹಾಗೆ. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರ ಬೆರಳಿಗೆ ಇದು ತಗುಲಿ, "ಇದೇನ್ರೀ, ಗ್ವಾಡೆ ಗಾರೆ ಬಿದ್ದದಲ್ಲ?" ಎಂದು ಎತ್ತಿ ಎಸೆಯಲು ಹೋಗುವುದುಂಟು. ನಾನು ಹೌಹಾರಿ ಕಸಿದುಕೊಳ್ಳುತ್ತೇನೆ. ಅವರಿಗೆ ಹೇಳದ ಕತೆಯನ್ನು ನಿಮಗೆ ಹೇಳುತ್ತೇನೆ. ನೀವು ಓದುವವರು, ನಡುವೆ ಎದ್ದು ಹೋದರೂ ನನಗೆ ಗೊತ್ತಾಗುವುದಿಲ್ಲವಲ್ಲ, ಆ ಧೈರ್ಯ.

ನಮ್ಮದು ಮರಗೆಲಸದ ಮನೆ. ನಾನು ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಇದ್ದದ್ದು ಇಬ್ಬರು ಗಂಡಸರು ಮತ್ತು ಒಂದು ಜಗಳ. ಗಂಡಸರೆಂದರೆ ನನ್ನ ಮಾವ ಮತ್ತು ನನ್ನ ಯಜಮಾನರು. ಯಜಮಾನರ ಹೆಸರನ್ನು ನಾನು ಇದುವರೆಗೆ ಬಾಯಿಬಿಟ್ಟು ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ನಮ್ಮವರು ಎಂದರೆ ಅವರೇ ಎಂದು ತಿಳಿದುಕೊಳ್ಳಿ. ಜಗಳವೆಂದರೆ ಎರಡು ಹಲಗೆಗಳನ್ನು ಹೇಗೆ ಕೂಡಿಸಬೇಕು ಎಂಬುದು. ಕಬ್ಬಿಣದ ಮೊಳೆ ಹೊಡೆಯುವುದು ಇಬ್ಬರಿಗೂ ಅವಮಾನ. ಒಂದು ಹಲಗೆಯಲ್ಲಿ ತೂತು, ಎದುರಿನ ಹಲಗೆಯಲ್ಲಿ ಅದಕ್ಕೆ ನೇರವಾಗಿ ಇನ್ನೊಂದು ತೂತು, ಎರಡರ ನಡುವೆ ಹೊರಗೆ ಕಾಣದಂತೆ ಅಡಗಿ ಕೂರುವ ಒಂದು ಮರಮೊಳೆ: ಇಷ್ಟರಲ್ಲಿ ಇಬ್ಬರದೂ ಒಂದೇ ಮತ. ಆದರೆ ಆ ತೂತನ್ನು ಕಣ್ಣಳತೆಯಲ್ಲಿ ಕೈಯಿಂದ ಕೊರೆಯಬೇಕು ಎಂದು ಮಾವ. ಮಿಷನ್ನಿನಲ್ಲಿ ಕೊರೆಯಬೇಕು ಎಂದು ಮಗ.

ಕೊಳ್ಳೇಗಾಲ ಆಗ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದವು. ಜಿಲ್ಲೆ ಬದಲಾದರೂ ಕಾಲಿನ ಅಭ್ಯಾಸ ಬದಲಾಗಬೇಕಲ್ಲ. ಕಬ್ಬಿಣದ ಸಾಮಾನು ಬೇಕೆಂದರೆ ನಮ್ಮೂರಿನವರು ಘಟ್ಟ ಇಳಿದು ಕೊಯಮತ್ತೂರಿಗೇ ಹೋಗುತ್ತಿದ್ದರು. ನಮ್ಮವರೂ ಹಾಗೆ ಹೋಗಿ, ಯಾವುದೋ ಕಾರ್ಖಾನೆಯವರು ಬಳಸಿ ಬಿಟ್ಟಿದ್ದ ತೂತು ಕೊರೆಯುವ ಮಿಷನ್ ಒಂದನ್ನು ಲಾರಿಯಲ್ಲಿ ಹಾಕಿಸಿಕೊಂಡು ಬಂದರು. ಮೋಟಾರು ತಿರುಗಿದರೆ ಅಕ್ಕಪಕ್ಕದಲ್ಲಿ ಎರಡು ಬೈರಿಗೆಗಳು ಒಟ್ಟಿಗೆ ತಿರುಗುತ್ತವೆ. ಮುಂದೆ ಒಂದು ಕಬ್ಬಿಣದ ಮೇಜು. ಮೇಜಿನ ಎಡಕ್ಕೊಂದು ಬಲಕ್ಕೊಂದು ನಿಂತ ಪಟ್ಟಿ. ಈ ನಿಂತ ಪಟ್ಟಿಗಳಿಗೆ ತಡೆ ಎಂದು ಹೆಸರು. ಬೀರುವಿನ ಅಡ್ಡಪಟ್ಟಿಯ ಒಂದು ತುದಿಯನ್ನು ಕೊರೆಯುವಾಗ ಅದರ ಅಂಚನ್ನು ಎಡದ ತಡೆಗೆ ಒತ್ತಿ ಹಿಡಿಯಬೇಕು, ತಿರುಗಿಸಿ ಇನ್ನೊಂದು ತುದಿಯನ್ನು ಕೊರೆಯುವಾಗ ಬಲದ ತಡೆಗೆ. ಎರಡು ತಡೆಗಳೂ ತಂತಮ್ಮ ಪಕ್ಕದ ಬೈರಿಗೆಯಿಂದ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮದೂರದಲ್ಲಿದ್ದರೆ ಬೀರುವಿನ ನಾಲ್ಕು ಮೂಲೆಗಳೂ ಮಟ್ಟಸ. ಇಷ್ಟು ನಿಮಗೆ ತಿಳಿದರೆ ಸಾಕು. ನನಗೂ ಇಷ್ಟೇ ತಿಳಿದಿರುವುದು, ಅದೂ ತಿಳಿದದ್ದು ತಡವಾಗಿ.

ಮೊದಲ ಕೆಲವು ತಿಂಗಳು ಮಿಷನ್ ಮುತ್ತಿನಂಥ ಕೆಲಸ ಮಾಡಿತು. ಮೂಲೆಗಳು ಕೂಡುವಾಗ 'ಟಪ್' ಎಂದು ಒಂದು ಸದ್ದು ಬರುತ್ತಿತ್ತು. ಆ ಸದ್ದಿಗೆ ಅಡುಗೆಮನೆಯಲ್ಲಿದ್ದ ನನಗೂ ಒಳಗೊಳಗೇ ಖುಷಿ. ಮಾವ ಮಾತ್ರ ಅಂಗಳದಲ್ಲಿ ಬಿದಿರು ಸೀಳಿ ಮೊಳೆ ಮಾಡುತ್ತ, "ಅದ್ಕೆ ಅಸಿವು ಬಾಯಾರ್ಕೆ ಆಗಕಿಲ್ಲ ಕಣವ್ವ, ಅದ್ಕೇ ಕುಣೀತದೆ. ಒಂದಿನ ಕೈ ಕೊಡ್ತದೆ ನೋಡ್ಕೊ," ಎನ್ನುತ್ತಿದ್ದರು.

ಆ ವರ್ಷ ಆಯುಧಪೂಜೆಗೆ ಮಿಷನ್ನಿಗೆ ಮೊದಲ ಪೂಜೆ. ತೊಳೆದು ಒರೆಸಿ, ಮಾದಪ್ಪನ ಬೆಟ್ಟದಿಂದ ತಂದಿದ್ದ ವಿಭೂತಿಯನ್ನು ನಾನೇ ಹಚ್ಚಿದೆ. ಎಲ್ಲಿ ಹಚ್ಚುವುದು? ಮನುಷ್ಯರಿಗೆ ಹಣೆಯಿದೆ, ಎತ್ತಿಗೂ ಇದೆ, ಮಿಷನ್ನಿಗೆ ಎಲ್ಲಿದೆ? ಸುತ್ತ ನೋಡಿದೆ. ಬಾಗಿಲಿನಿಂದ ಬರುವವರಿಗೆ ಎದುರಾಗಿ, ನೆಟ್ಟಗೆ, ನುಣ್ಣಗೆ, ಹಣೆಯ ಹಾಗೆಯೇ ನಿಂತಿದ್ದದ್ದು ಬಲದ ತಡೆ. ಎಡಕ್ಕೂ ಒಂದಿತ್ತು, ನಿಜ. ಆದರೆ ಶುಭಕ್ಕೆ ಎಡಗಡೆಯನ್ನು ಆರಿಸುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಬಲದ ತಡೆಗೆ ಮೂರು ಬೆರಳು ವಿಭೂತಿ ಎಳೆದು ನಡುವೆ ಕುಂಕುಮದ ಬೊಟ್ಟಿಟ್ಟೆ. ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಅದು ನನ್ನ ಪಾಲಿನ ಕೆಲಸವಾಯಿತು.

ತೊಂದರೆಯೆಂದರೆ, ಮೋಟಾರು ಅದುರಿದರೆ ಗಳಿಗೆಯೊಳಗೆ ವಿಭೂತಿ ಉದುರಿಹೋಗುತ್ತಿತ್ತು. ದೇವರ ಪ್ರಸಾದ ಉದುರುವುದು ಯಾವ ಹೆಂಗಸಿಗೆ ಹಿಡಿಸುತ್ತದೆ? ನಮ್ಮ ಬೀದಿಯ ಆಚೆಗೆ ರೇಷ್ಮೆ ಮಗ್ಗದ ಮನೆಗಳು. ಅಲ್ಲಿ ಹುಣಸೆಬೀಜವನ್ನು ಹುರಿದು, ಬೀಸಿ, ಕಾಯಿಸಿ ಅಂಟು ಮಾಡುವುದನ್ನು ನೋಡಿದ್ದೆ. ಒಂದು ಬಟ್ಟಲು ಈಸಿಕೊಂಡು ಬಂದು, ಆ ಅಂಟಿನಲ್ಲಿ ವಿಭೂತಿ ಕಲಸಿ ಹಚ್ಚಿದೆ. ಏನು ಹೇಳಲಿ! ಸಿಮೆಂಟಿನಂತೆ ಕೂತಿತು. ಮುಂದಿನ ಸೋಮವಾರ ಅದರ ಮೇಲೊಂದು ಪದರ, ಅದರ ಮುಂದಿನ ಸೋಮವಾರ ಮತ್ತೊಂದು. ಹಳೆಯದನ್ನು ಒರೆಸುವ ಮಾತೇ ಇಲ್ಲ. ಹಚ್ಚಿದ ವಿಭೂತಿಯನ್ನು ಒರೆಸುವುದು ನಮ್ಮಲ್ಲಿ ಅಶುಭ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ನಮ್ಮವರು ದಿನಾ ಬೆಳಿಗ್ಗೆ ಅದಕ್ಕೆ ಕೈಮುಗಿದು ಗುಂಡಿ ಒತ್ತುತ್ತಿದ್ದರು.

ಸಂಕ್ರಾಂತಿಯ ಹೊತ್ತಿಗೆ ಮೂಲೆಯೊಂದು ಕೂದಲೆಳೆಯಷ್ಟು ತಪ್ಪಿತು. ಶಿವರಾತ್ರಿಯ ಹೊತ್ತಿಗೆ ಕಾಗದದಷ್ಟು. ಆಮೇಲೆ ಬೆರಳಾಡಿಸಿದರೆ ಮೆಟ್ಟಿಲಿನಂತೆ ತಡೆಯುವಷ್ಟು. ವಿಚಿತ್ರವೆಂದರೆ ಅಡ್ಡಪಟ್ಟಿಯ ಒಂದು ತುದಿ ಸರಿಯಾಗಿ ಕೂಡುತ್ತಿತ್ತು, ಇನ್ನೊಂದು ತುದಿ ಮುನಿಸಿಕೊಂಡವರಂತೆ ಪಕ್ಕಕ್ಕೆ ಸರಿದು ನಿಲ್ಲುತ್ತಿತ್ತು. ನಮ್ಮವರು ಬೈರಿಗೆ ಬದಲಿಸಿದರು, ಬೆಲ್ಟು ಬದಲಿಸಿದರು, ನೆಲ ಇಳಿದಿದೆಯೇನೋ ಎಂದು ಮಿಷನ್ನಿನ ಮೇಲೆ ತಟ್ಟೆಯಲ್ಲಿ ನೀರಿಟ್ಟು ನೋಡಿದರು. ಮರ ಹಸಿಯೆಂದು ಬೇರೆ ಮರ ತಂದರು. ನಾನು ಸುಮ್ಮನಿದ್ದೆನೆ? ಸೋಮವಾರದ ಜೊತೆಗೆ ಶುಕ್ರವಾರವನ್ನೂ ಸೇರಿಸಿದೆ. ಆಗಲೂ ಸರಿಹೋಗದಿದ್ದಾಗ ದಿನಾ ಹಚ್ಚತೊಡಗಿದೆ. ಮಿಷನ್ ಕೆಟ್ಟಷ್ಟೂ ನಾನು ಹಚ್ಚಿದೆ. ಹಚ್ಚಿದಷ್ಟೂ ಅದು ಕೆಟ್ಟಿತು. ಕೊನೆಗೆ, ಇದೊಂದು ಸರಿಯಾದರೆ ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಬೆಟ್ಟ ಹತ್ತುತ್ತೇನೆಂದು ಮಾದಪ್ಪನಿಗೆ ಹರಕೆಯನ್ನೂ ಹೊತ್ತೆ.

ಕೊಯಮತ್ತೂರಿನ ಕಡೆಯಿಂದ ಮೆಕ್ಯಾನಿಕ್ಕು ಬಂದ. ಒಳಗೆ ಕಾಲಿಟ್ಟವನೇ ಬಲದ ತಡೆಯ ಮುಂದೆ ನಿಂತು, ಅಲ್ಲಿನ ವಿಭೂತಿಯನ್ನು ಬೆರಳಿಗೆ ಒತ್ತಿಕೊಂಡು ತನ್ನ ಹಣೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೈಮುಗಿದ. ಆಮೇಲೆ ಅರ್ಧ ದಿನ ಮಿಷನ್ನಿನ ಹೊಟ್ಟೆ ಬಗೆದು ಎಲ್ಲ ನೋಡಿದ. "ಎಲ್ಲಾಂ ಸರಿಯಾ ಇರುಕ್ಕುಮ್ಮಾ. ಮಿಷನ್ದು ತಪ್ಪಿಲ್ಲೆ," ಎಂದು ತಮಿಳು ಬೆರೆತ ಕನ್ನಡದಲ್ಲಿ ಹೇಳಿ, ನನ್ನ ಕೈಯ ಕಾಫಿ ಕುಡಿದು ಹೋದ. ಪಾಪ, ರೋಗವನ್ನು ಹಣೆಗೆ ಹಚ್ಚಿಕೊಂಡೇ ರೋಗ ಹುಡುಕಿದವನು ಅವನೊಬ್ಬನೇ ಇರಬೇಕು.

ಈ ನಡುವೆ ರಾಮಾಪುರದ ನರ್ಸಮ್ಮ ಬಂದರು. ಸುತ್ತಲಿನ ಹತ್ತು ಹಳ್ಳಿಯ ಹೆರಿಗೆ ಮಾಡಿಸುವ, ಬಾಯಿ ಜೋರಿನ, ಮನಸ್ಸು ಮೆತ್ತಗಿನ ಹೆಂಗಸು. ಔಷಧದ ಸೀಸೆ, ಹತ್ತಿ, ಬಟ್ಟೆ ಇಡಲು ನಮ್ಮಲ್ಲಿ ಒಂದು ಬೀರು ಮಾಡಿಸಿಕೊಂಡಿದ್ದರು. ಶಿವರಾತ್ರಿಯ ಸುಮಾರಿಗೆ ಮಾಡಿದ ಬೀರು ಅದು. ತೂತುಗಳು ಎದುರುಬದುರು ಆಗದ್ದರಿಂದ ನಮ್ಮವರು ಅವನ್ನು ಕೊಂಚ ದೊಡ್ಡದು ಮಾಡಿ, ಅಂಟು ತುಂಬಿ, ಮನಸ್ಸಿಲ್ಲದ ಮನಸ್ಸಿನಿಂದ ಕೂಡಿಸಿ ಕಳಿಸಿದ್ದರು. ಬಸ್ಸಿನ ಟಾಪಿನ ಮೇಲೆ ಹನೂರಿನವರೆಗೆ ಹೇಗೋ ಹೋದದ್ದು ಅಜ್ಜೀಪುರ ದಾಟುವಷ್ಟರಲ್ಲಿ ಮೂಲೆ ಬಿಟ್ಟುಕೊಂಡಿತ್ತಂತೆ.

ನರ್ಸಮ್ಮ ಸೊಂಟಕ್ಕೆ ಕೈಯಿಟ್ಟು ನಿಂತು, "ನಿಮ್ ಬೀರೂಲಿ ಮೊದುಲ್ನೇ ಎರ್ಗೆ ಆಯ್ತು ಕಣ್ರಿ," ಎಂದರು.

ನಮ್ಮವರು ಕಕ್ಕಾಬಿಕ್ಕಿ.

"ಇಲೀದು. ಮೂಲೆ ಸಂದೀಲಿ ನುಗ್ಗಿ ನನ್ ಅತ್ತಿ ಮೇಲೆ ಐದು ಮರಿ ಆಕದೆ. ತಾಯಿ ಮಕ್ಳು ಸುಖವಾಗವ್ರೆ, ನನ್ ಅತ್ತಿ ಮಾತ್ರ ಓಯ್ತು. ನಾಕ್ ದಿನ ಅಲ್ಲೇ ಬಾಣಂತನ ಮಾಡ್ಕಳ್ಳಿ ಅಂತ ಬುಟ್ಟಿದ್ದೆ, ಏನ್ ಮಾಡದು?"

ಮಾವ ನಕ್ಕು ನಕ್ಕು ಕೆಮ್ಮಿದರು. ನರ್ಸಮ್ಮ ಅಷ್ಟಕ್ಕೇ ನಿಲ್ಲಿಸಿ, ಬೈಯದೆ, "ಇನ್ನೊಂದು ಮಾಡ್ಕೊಡಿ. ಬುಧ್ವಾರ ಮದ್ಯಾನದ ಬಸ್ಸಿಗೆ ಆಕುಸ್ಕಂಡು ಓಯ್ತೀನಿ. ಮಳೆ ಸುರುವಾದ್ರೆ ಸೀಸೆಗಳ್ನ ಎಲ್ಲಿ ಇಡ್ಲಿ ನಾನು?" ಎಂದು ಹೋದರು. ಬೈದಿದ್ದರೆ ನಮ್ಮವರಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಅವರು ಮಾವನ ಮುಂದೆ ನಿಂತು, "ಈ ಬೀರು ಒಂದು ಕೂಡ್ನಿಲ್ಲ ಅಂದ್ರೆ ಮಿಷನ್ ಮಾರ್ಬುಡ್ತೀನಿ ಕಣಪ್ಪ. ಯಳಂದೂರು ಸಾಮಿಲ್ನೋರು ಗುರ್ವಾರ ಗಾಡಿ ಕಳುಸ್ತರೆ. ಆಮೇಲೆ ನೀ ಯೋಳ್ದಂಗೆ," ಎಂದರು. ಆ ಮಿಷನ್ ಬಂದ ದಿನ ಲಾರಿಯ ಹಿಂದೆ ಮಗುವಿನಂತೆ ಓಡಿಬಂದಿದ್ದ ಮನುಷ್ಯ ಈ ಮಾತು ಹೇಳುವಾಗ ಮಿಷನ್ನಿನ ಕಡೆ ನೋಡಲಿಲ್ಲ.

ಮಂಗಳವಾರ. ನಮ್ಮವರು ಇನ್ನೊಂದಿಷ್ಟು ಮರ ತರಲು ಹೋಗಿದ್ದರು. ನಾನು ಹುರುಳಿ ಬೇಯಿಸಲು ಒಲೆಯ ಮುಂದೆ ಕುಳಿತೆ. ಕೂಡದೆ ಹೋದ ಅಡ್ಡಪಟ್ಟಿಗಳೆಲ್ಲ ಕೊನೆಗೆ ಬರುತ್ತಿದ್ದದ್ದು ನನ್ನ ಒಲೆಗೆ. ತೇಗದ ಬೆಂಕಿಯಲ್ಲಿ ಹುರುಳಿ ಬೇಯಿಸಿದ ರಾಣಿ ಊರಿನಲ್ಲಿ ನಾನೊಬ್ಬಳೇ. ಒಂದು ಪಟ್ಟಿಯನ್ನು ಎತ್ತಿ ಒಲೆಗಿಡಬೇಕು, ಅದರ ಅಂಚಿನಲ್ಲಿ ಬೆಳ್ಳಗೆ ಏನೋ ಕಂಡಿತು. ನೋಡಿದರೆ ವಿಭೂತಿ! ನಡುವೆ ಮಸುಕಾದ ಕುಂಕುಮ. ಹಸಿಯಿದ್ದ ಮೇಲ್ಪದರ ಮರಕ್ಕೂ ಮೆತ್ತಿಕೊಂಡಿತ್ತು. ಮಾದಪ್ಪನ ಪ್ರಸಾದವನ್ನು ಇಷ್ಟು ದಿನ ಹುರುಳಿಯ ಕೆಳಗೆ ಉರಿಸಿದೆನೆ? ಪಾಪಭೀತಿಯಿಂದ ರಾಶಿಯನ್ನೆಲ್ಲ ಹೊರಗೆಳೆದು, ವಿಭೂತಿ ಇದ್ದವನ್ನು ಆರಿಸಿ ಬೇರೆಯಿಡಲು ಹೊರಟೆ. ಎಲ್ಲದರಲ್ಲೂ ಇತ್ತು. ಎಲ್ಲದರಲ್ಲೂ ಒಂದೇ ತುದಿಯಲ್ಲಿತ್ತು. ಕೂಡದ ತುದಿಗೆ ನಮ್ಮವರು ಪೆನ್ಸಿಲಿನಲ್ಲಿ ಒಂದು ಅಡ್ಡಗೀಟು ಹಾಕಿ ಎಸೆಯುವುದು ರೂಢಿ. ಪಟ್ಟಿಗಳನ್ನು ಸಾಲಾಗಿ ಜೋಡಿಸಿದೆ: ಎಲ್ಲೆಲ್ಲಿ ಅಡ್ಡಗೀಟು, ಅಲ್ಲೆಲ್ಲ ವಿಭೂತಿ. ಸರಿಯಾಗಿ ಕೂಡಿದ ತುದಿಗಳು ಬರಿಹಣೆಯಲ್ಲಿದ್ದವು.

ಆ ಗಳಿಗೆಯಲ್ಲಿ ನನಗಾದದ್ದನ್ನು ಹೇಗೆ ಹೇಳಲಿ. ಒಲೆಯ ಮುಂದೆ ಕುಳಿತೇ ನಾಚಿಕೆಯಿಂದ ಬೆವತೆ. ನನ್ನ ತವರಿನಲ್ಲಿ, ನಾನು ಮೊದಲ ಸಲ ಗಂಡನ ಮನೆಗೆ ಹೊರಟಾಗ, ಅಮ್ಮ ಟ್ರಂಕಿಗೆ ಚಕ್ಕುಲಿ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಎಂದು ತುರುಕಿದ್ದೇ ತುರುಕಿದ್ದು. ಮುಚ್ಚಳ ಕೂಡಲಿಲ್ಲ, ಅಮ್ಮ ಅದರ ಮೇಲೆ ಕುಳಿತು ಬೀಗ ಹಾಕಿದಳು. ಸುವರ್ಣಾವತಿಯ ಸೇತುವೆಯ ಮೇಲೆ ಬಸ್ಸು ಕುಲುಕಿದಾಗ ಟಾಪಿನ ಮೇಲಿದ್ದ ಟ್ರಂಕಿನ ಬೀಗ ಹಾರಿ ಚಕ್ಕುಲಿಗಳು ನದಿಯ ಪಾಲಾದವು. ಅಂದು ಅಮ್ಮನ ಮೇಲೆ ಕೋಪಿಸಿಕೊಂಡಿದ್ದ ಮಗಳು ಈಗ ಮಾಡಿದ್ದೇನು? ಪ್ರೀತಿಗೂ ಒಂದು ಗಾತ್ರವಿದೆ, ಅದು ಜಾಗ ತೆಗೆದುಕೊಳ್ಳುತ್ತದೆ ಎಂಬುದು ಪ್ರೀತಿಸುವವರಿಗೆ ತಿಳಿಯುವುದು ಎಲ್ಲರಿಗಿಂತ ಕೊನೆಗೆ. ಮಗುವಿನ ತಲೆಗೆ ಎಣ್ಣೆ ಸುರಿದು ಅದು ಸ್ಲೇಟಿನ ಮೇಲೆ ಇಳಿಯುವಂತೆ ಮಾಡುವ ತಾಯಂದಿರನ್ನು ನೋಡಿದ್ದೇನೆ. ಅಳಿಯನ ಎಲೆಗೆ ಬಡಿಸಿ ಬಡಿಸಿ ಅವನನ್ನು ಮದುವೆಯ ಮರುದಿನವೇ ಮಲಗಿಸಿದ ಅತ್ತೆಯನ್ನೂ ಬಲ್ಲೆ. ಅವರ ಪೈಕಿಯೇ ನಾನು. ನನ್ನದು ಕಬ್ಬಿಣದ ಅಳಿಯ, ಅಷ್ಟೇ.

ಪಟ್ಟಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಾವನ ಮುಂದೆ ಹೋಗಿ ಸುರಿದು, ಎಲ್ಲವನ್ನೂ ಹೇಳಿದೆ. ಹುಣಸೆಬೀಜದ ಅಂಟನ್ನೂ ಬಿಡಲಿಲ್ಲ. ಮಾವ ಎದ್ದು ಒಳಗೆ ಬಂದರು. ಮಿಷನ್ ಬಂದ ಮೇಲೆ ಅವರು ಅದನ್ನು ಮುಟ್ಟಿದ್ದು ಅದೇ ಮೊದಲು. ಎಡದ ತಡೆಯ ಮೇಲೆ ಹೆಬ್ಬೆರಳು ಎಳೆದರು, ಸರಾಗವಾಗಿ ಹೋಯಿತು. ಬಲದ ತಡೆಯ ಮೇಲೆ ಎಳೆದರು. ನಡುವೆ ಬೆರಳು ನಿಂತಿತು.

"ಇಲ್ಲಿ ಒಂದ್ ಉಗುರು ಐತೆ ಕಣವ್ವ," ಎಂದರು.

ನಾನು ಅಳತೊಡಗಿದೆ. ಮಾವ ಹೆಗಲ ಮೇಲಿನ ಟವೆಲ್ಲಿನಿಂದ ತಮ್ಮ ಬಾಯಿ ಮುಚ್ಚಿಕೊಂಡರು. ಅವರೂ ಅಳುತ್ತಿದ್ದಾರೆಂದುಕೊಂಡೆ, ನೋಡಿದರೆ ನಗು ತಡೆಯಲಾಗದೆ ಭುಜ ಕುಣಿಯುತ್ತಿದೆ. "ಅಲ್ಲ ಕಣವ್ವ, ನಾನ್ ಎರಡ್ ದಿನ ಬಾಯ್ ಮುಚ್ಕಂಡಿದ್ರೆ ಗುರ್ವಾರ ಈ ಪೀಡೆ ಗಾಡಿ ಅತ್ತಿ ಓಯ್ತಿತ್ತಲ್ಲ! ನಂಗೇ ಬಂದು ಯೋಳ್ಬುಟ್ಯಲ್ಲ ನೀನು!" ಎಂದರು. ಅದು ನಿಜವೇ ಆಗಿತ್ತು. ಆ ಮನೆಯಲ್ಲಿ ಮಿಷನ್ ತೊಲಗಲೆಂದು ಕಾಯುತ್ತಿದ್ದ ಒಬ್ಬರೇ ಒಬ್ಬರ ಮುಂದೆ ನಾನು ಹೋಗಿ ಗುಟ್ಟು ಬಿಚ್ಚಿದ್ದೆ. ಮಾವ ನೆಲದ ಮೇಲೆ ಬಿದ್ದಿದ್ದ ಪಟ್ಟಿಗಳಲ್ಲಿ ಒಂದನ್ನು ಎತ್ತಿ, ಅದರ ನೇಯ್ಗೆಯಂಥ ಗೆರೆಗಳ ಮೇಲೆ ಕೈಯಾಡಿಸಿದರು. "ಇಂಥಾ ಮರನ ಒಲೆಗಾಕದಾ? ಈ ಮರ ಏನ್ ಪಾಪ ಮಾಡಿತ್ತು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ತಮ್ಮ ಪೆಟ್ಟಿಗೆಯಿಂದ ತೆಳು ಉಳಿಯೊಂದನ್ನು ತಂದರು.

ನಾನು ಗಾಬರಿಯಾಗಿ, "ಮಾವ, ಇಬೂತಿ ಕೆರೆಯದಾ? ಏನಾದ್ರೂ ಆದ್ರೆ?" ಎಂದೆ.

ಮಾವ ಉಳಿಯನ್ನು ಬದಿಗಿಟ್ಟು, ತಡೆಯ ಮುಂದೆ ಕೈಮುಗಿದು, ಪಕ್ಕದ ಮನೆಯ ಹಿರಿಯರನ್ನು ಮಾತಾಡಿಸುವ ದನಿಯಲ್ಲಿ, "ಮಾದಪ್ಪ, ವಸಿ ಎದ್ದು ಆ ಕಡೀಕೆ ಕುಂತ್ಕಪ್ಪ. ನೀ ಕುಂತಿರೋ ಜಾಗ ನಮ್ ಉಡುಗಂಗೆ ಕೆಲ್ಸಕ್ಕೆ ಬೇಕಂತೆ," ಎಂದರು. ಆಮೇಲೆ ಉಳಿಯ ಬಾಯನ್ನು ಕಬ್ಬಿಣಕ್ಕೂ ವಿಭೂತಿಗೂ ನಡುವೆ ಇಟ್ಟು ಅಂಗೈಯಿಂದ ಒಂದು ಪೆಟ್ಟು ಕೊಟ್ಟರು. ಆರೇಳು ತಿಂಗಳ ನನ್ನ ಭಕ್ತಿ ಒಂದೇ ಚಕ್ಕೆಯಾಗಿ ಎದ್ದು ಬಂದು ನನ್ನ ಅಂಗೈಗೆ ಬಿತ್ತು. ಅದರಿಂದ ಮುರಿದಿಟ್ಟುಕೊಂಡ ತುಂಡೇ ಭರಣಿಯಲ್ಲಿರುವುದು.

ನಮ್ಮವರು ಮರ ಹೊತ್ತು ಬಂದಾಗ ನಾವಿಬ್ಬರೂ ಕಳ್ಳರಂತೆ ನಿಂತಿದ್ದೆವು. ಹೇಳಿದೆವು. ಅವರು ಹೊಸ ಪಟ್ಟಿಯೊಂದನ್ನು ಎಡಕ್ಕೆ ಒತ್ತಿ ಕೊರೆದರು, ತಿರುಗಿಸಿ ಬಲಕ್ಕೆ ಒತ್ತಿ ಕೊರೆದರು, ಮರಮೊಳೆ ಇಟ್ಟು ಎರಡೂ ಮೂಲೆ ಕೂಡಿಸಿದರು. 'ಟಪ್'. ಮತ್ತೆ 'ಟಪ್'. ಅಷ್ಟು ತಿಂಗಳಿಂದ ಕೇಳದಿದ್ದ ಸದ್ದು. ಮೂಲೆಯ ಮೇಲೆ ಬೆರಳಾಡಿಸಿದರು, ಮಾವನೂ ಆಡಿಸಿದರು, ನಾನೂ ಆಡಿಸಿದೆ. ಬೆರಳಿಗೆ ಏನೂ ತಡೆಯಲಿಲ್ಲ.

"ಬೆಲ್ಟು ನೋಡ್ದೆ, ಬೇರಿಂಗು ನೋಡ್ದೆ, ನೆಲ ನೋಡ್ದೆ," ಎಂದರು ನಮ್ಮವರು. "ದಿನಾ ಕೈಮುಗೀತಿದ್ದುದ್ನ ಮಾತ್ರ ನೋಡ್ನೇ ಇಲ್ಲ." ಎಂದವರೇ ನಗತೊಡಗಿದರು. ಅವರು ಹಾಗೆ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಮೂವರೂ ನಕ್ಕೆವು, ಒಲೆಯ ಮೇಲಿನ ಹುರುಳಿ ಸೀದುಹೋಯಿತು, ಸೀದ ಸಾರನ್ನೇ ಉಂಡೆವು.

ಬುಧವಾರ ಮಧ್ಯಾಹ್ನ ಬೀರು ಬಸ್ಸಿನ ಟಾಪಿನ ಮೇಲೇರಿತು. ಗುರುವಾರ ಬಂದ ಗಾಡಿ ಖಾಲಿ ಹೋಯಿತು. ಹತ್ತು ದಿನದ ಮೇಲೆ ನರ್ಸಮ್ಮ ಸಂತೆಗೆ ಬಂದವರು ಬಾಗಿಲಲ್ಲೇ ನಿಂತು, "ಇಲಿ ಬಂದು ನೋಡ್ಕಂಡು ಓಯ್ತು ಕಣ್ರಿ, ಬೇರೆ ಆಸ್ಪತ್ರೆ ಉಡುಕ್ಕಂಡದೆ," ಎಂದು ವರದಿ ಒಪ್ಪಿಸಿದರು. ಹರಕೆಯ ವಿಷಯದಲ್ಲಿ ಮಾತ್ರ ನನಗೆ ಗೊಂದಲ: ಕೆಡಿಸಿದ್ದು ನಾನು, ಸರಿಮಾಡಿದ್ದು ಮಾವನ ಉಳಿ, ಇದರಲ್ಲಿ ಮಾದಪ್ಪನ ಪಾಲೆಷ್ಟು? ಕೇಳಿದ್ದಕ್ಕೆ ಮಾವ, "ಎದ್ದು ಆ ಕಡೀಕೆ ಕುಂತ್ಕಂಡ್ನಲ್ಲ, ಅಷ್ಟ್ ಸಾಲ್ದಾ? ನಡಿ," ಎಂದರು. ತಾಳಬೆಟ್ಟದಿಂದ ಮೂವರೂ ನಡೆದೇ ಹತ್ತಿದೆವು. ಉಘೇ ಎಂದು ಕೂಗುತ್ತ ಮುಂದೆ ಮಾವ, ಉಸಿರು ಬಿಡುತ್ತ ಹಿಂದೆ ನಾವು.

ಆದರೆ ನಾನು ನಿಮಗೆ ಹೇಳಬೇಕೆಂದದ್ದು ಚಕ್ಕೆ ಎದ್ದುಬಂದ ಮೇಲಿನ ಮೊದಲ ಸೋಮವಾರದ ವಿಷಯ. ನಾನು ವಿಭೂತಿಯ ಬಟ್ಟಲನ್ನು ಮುಟ್ಟಿರಲಿಲ್ಲ. ಮಿಷನ್ನಿನ ಕಡೆ ಮುಖ ಮಾಡಲೂ ಸಂಕೋಚ. ನಮ್ಮವರೇ ಕರೆದರು. ಹೋದರೆ, ಮಿಷನ್ನಿನ ಮೇಲ್ಭಾಗದ ಖಾಲಿ ಕಬ್ಬಿಣದಲ್ಲಿ, ಯಾವ ಹಲಗೆಯೂ ಯಾವ ಬೈರಿಗೆಯೂ ಮುಟ್ಟದ ಜಾಗದಲ್ಲಿ, ಮೂಲೆಮಟ್ಟ ಇಟ್ಟು ಪೆನ್ಸಿಲಿನಲ್ಲಿ ಒಂದು ಚೌಕ ಎಳೆದಿದ್ದರು. "ಇದ್ರೊಳ್ಗೆ ಎಷ್ಟ್ ಬೇಕಾದ್ರೂ ಬಳ್ಕೊ," ಎಂದರು. ಅಷ್ಟು ಹೇಳಿ ಗುಂಡಿ ಒತ್ತಿದರು. ಅವರ ಬಾಯಲ್ಲಿ ಅದಕ್ಕಿಂತ ಸಿಹಿಯಾದ ಮಾತನ್ನು ನಾನು ಈವರೆಗೂ ಕೇಳಿಲ್ಲ, ಕೇಳಬೇಕೆಂಬ ಆಸೆಯೂ ಇಲ್ಲ.

ಇದೆಲ್ಲ ಆಗಿ ಹತ್ತು ವರ್ಷಕ್ಕೆ ಮೇಲಾಯಿತು. ಮಿಷನ್ ಈಗಲೂ ಕೊರೆಯುತ್ತದೆ. ಬಿದಿರು ಮೊಳೆ ಮಾಡುತ್ತಿದ್ದ ಮಾವ ಈಗ ಅದೇ ಮಿಷನ್ನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಪ್ರತಿ ಬೀರುವಿನ ಮೂಲೆಯ ಮೇಲೂ ಅವರ ಹೆಬ್ಬೆರಳು ಆಡಿದ ಮೇಲೆಯೇ ಅದು ಹೊರಗೆ ಹೋಗಬೇಕು. ಎಣ್ಣೆ ಧೂಳಿನಿಂದ ಪೆನ್ಸಿಲಿನ ಗೆರೆ ಮಾಸುತ್ತದೆ, ಆಯುಧಪೂಜೆಯಲ್ಲಿ ಮಿಷನ್ ತೊಳೆದಾಗ ಹೆಚ್ಚುಕಡಿಮೆ ಅಳಿಸುತ್ತದೆ; ನಮ್ಮವರು ಪ್ರತಿ ವರ್ಷವೂ ಮೂಲೆಮಟ್ಟ ಇಟ್ಟು ಹೊಸದಾಗಿ ಎಳೆಯುತ್ತಾರೆ. ಕಬ್ಬಿಣದಲ್ಲಿ ಹಳೆಯ ಗೆರೆಯ ಮಸುಕು ಗುರುತು ಮಾತ್ರ ಉಳಿದಿರುತ್ತದೆ. ಈ ಸಲ ವಿಭೂತಿ ಹಚ್ಚಲು ಹೋದಾಗ ಹೊಸ ಚೌಕ ಹಳೆಯ ಗುರುತಿನಿಂದ ತುಸು ಹೊರಗೆ ಬಿದ್ದಂತೆ ಕಂಡಿತು. ಕೂದಲೆಳೆಯ ತಪ್ಪಿಗೆ ಊಟ ಬಿಡುವ ಮನುಷ್ಯ, ಕೈತಪ್ಪಿ ಎಳೆಯುವವರಲ್ಲ. ಅನುಮಾನಕ್ಕೆ ಒಳಗೆ ಹೋಗಿ ಭರಣಿಯಿಂದ ಚಕ್ಕೆಯನ್ನು ತಂದು, ಹಳೆಯ ಗೆರೆಗೂ ಹೊಸ ಗೆರೆಗೂ ನಡುವೆ ಅಂಚಿನ ಮೇಲೆ ನಿಲ್ಲಿಸಿ ಅಳೆದೆ. ನಾಲ್ಕು ಕಡೆಯೂ ಸರಿಯಾಗಿ ಒಂದು ಉಗುರಿನಷ್ಟು ದೊಡ್ಡದು ಮಾಡಿದ್ದರು.